ಹಿಂದಿನ ಬೆಂಚಿನ ಅಜ್ಜಿ

ಬ್ಯಾಡಗಿಯ ನಮ್ಮ ಮಹಿಳಾ ಕಾಲೇಜಿಗೆ ಹುಡುಗರನ್ನೂ ಸೇರಿಸಿಕೊಳ್ಳಲು ಆಡಳಿತ ಮಂಡಳಿ ತೀರ್ಮಾನಿಸಿದ ವರ್ಷವೇ ನಾನು ಪ್ರಾಂಶುಪಾಲೆಯಾದೆ. ಪಾಲಕರ ಸಭೆ ಕರೆದು ಎಲ್ಲರನ್ನೂ ಒಪ್ಪಿಸಿದ್ದೆ ಅಂದುಕೊಂಡಿದ್ದೆ. ಆದರೆ ಮೊದಲ ವಾರವೇ ಕದರಮಂಡಲಗಿಯ ಅಜ್ಜಿಯೊಬ್ಬರು ಮೊಮ್ಮಗಳು ಸಾವಿತ್ರಿಯ ಕೈ ಹಿಡಿದುಕೊಂಡು ನನ್ನ ಕೋಣೆಗೆ ಬಂದರು.

"ಇಕಿ ನಾಳಿಂದ ಬರಂಗಿಲ್ರಿ ಮೇಡಂ. ಗಂಡುಹುಡುಗರ ನಡುವ ನಾವು ಓದಸಂಗಿಲ್ಲ."

ನಮ್ಮಲ್ಲೇ ಪಿಯುಸಿ ಮುಗಿಸಿ ಆಸೆಯಿಂದ ಬಿ.ಎ.ಗೆ ಸೇರಿದ್ದ ಹುಡುಗಿ ಅಳುತ್ತಿದ್ದಳು. ನಾನು, "ಇವತ್ತೊಂದು ದಿನ ನೀವ ಕ್ಲಾಸಿನ್ಯಾಗ ಕುಂತು ನೋಡ್ರಿ ಅವ್ವಾರ. ಆಮ್ಯಾಲೆ ಕರಕೊಂಡು ಹೋಗ್ರಿ" ಎಂದೆ.

ಅಜ್ಜಿ ನಿಜಕ್ಕೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರು. ಇವಳು ಕಾಲೇಜು ಬಿಟ್ಟರೆ ಇನ್ನೆಷ್ಟು ಹುಡುಗಿಯರು ಬಿಡುತ್ತಾರೋ ಎಂಬ ಚಿಂತೆಯಲ್ಲಿ ನನಗೆ ಯಾವ ಕೆಲಸವೂ ಓಡಲಿಲ್ಲ.

ಸಂಜೆ ಅಜ್ಜಿ ನನ್ನ ಕೋಣೆಗೆ ಬಂದವರೇ, "ಇಕಿ ಬರ್ತಾಳ ಬಿಡ್ರಿ" ಎಂದರು. "ಆದ್ರ ಆ ಗಂಡುಹುಡುಗರು ಹೆದರಿ ಮೂಲ್ಯಾಗ ಕುಂತಾವ. ಮಧ್ಯಾಹ್ನ ಬುತ್ತಿ ಸೈತ ಬಿಚ್ಚಲಿಲ್ಲ. ಅವರನ್ನ ಯಾರಾರ ಮಾತಾಡಿಸೀರೇನು?"

ಯಾರೂ ಮಾತಾಡಿಸಿರಲಿಲ್ಲ. ಬದಲಾವಣೆ ಎಂದರೆ ಮೊದಲಿಂದ ಇದ್ದವರ ಕಷ್ಟ ಎಂದೇ ನಾವೆಲ್ಲ ತಿಳಿದಿದ್ದೆವು.

ಮರುದಿನ ನನ್ನ ಡಬ್ಬಿ ಹಿಡಿದು ಹುಡುಗರ ಪಕ್ಕ ಹೋಗಿ ಕುಳಿತೆ. ಅವತ್ತೂ ಪಾಪ, ಅವರು ತುತ್ತು ಎತ್ತಲಿಲ್ಲ. ಪ್ರಾಂಶುಪಾಲರೇ ಎದುರಿಗೆ ಕುಳಿತರೆ ಯಾರಿಗೆ ತಾನೇ ಊಟ ಸೇರೀತು?