ಅಕ್ಕನಿಗೆ ಓದಿ ಹೇಳಿದ ಪ್ಲಗಿನ್

ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದುವವಳು ನಾನೊಬ್ಬಳೇ. ತಮಿಳುನಾಡಿನ ನಮ್ಮೂರು ಉತ್ತಮಪಾಳಯದ ಶಾಲೆಯಲ್ಲಿ ನಾವು ಕಲಿತದ್ದು ತಮಿಳು ಅಕ್ಷರ. ದಿಂಡಿಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಹಟಕ್ಕೆ ಬಿದ್ದು ಕನ್ನಡದ ಅಕ್ಷರ ಕಲಿತೆ. ಅವ್ವ ತೀರಿಕೊಂಡ ಮೇಲೆ ಅವಳ ಬಗ್ಗೆ ನಾನು ಬರೆದದ್ದು ಒಂದು ಇಂಟರ್ನೆಟ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಏನಿದೆಯೆಂದು ಅಕ್ಕನಿಗೆ ತಿಳಿಯಲೇಬೇಕಿತ್ತು. ಕೊನೆಯವರೆಗೂ ಅವ್ವನನ್ನು ನೋಡಿಕೊಂಡವಳು ಅವಳೇ.

ಓದಿ ಹೇಳಲು ಕೂತೆ. ಆಸ್ಪತ್ರೆಯ ಭಾಗ ಹತ್ತಿರ ಬರುತ್ತಿದ್ದಂತೆ ಓದು ನಿಲ್ಲಿಸಿ ಕಣ್ಣೊರೆಸಿಕೊಂಡೆ.

“ಅಳೋದಾದ್ರೆ ಆಮೇಲೆ ಅಳು ಪುಳ್ಳೆ, ಮೊದ್ಲು ಓದು” ಎಂದು ಅಕ್ಕ ಗದರಿದಳು. ಪುಳ್ಳೆ ಎಂದರೆ ಹುಡುಗಿ. ತಲೆ ನರೆತರೂ ಅವಳಿಗೆ ನಾನು ಪುಳ್ಳೆಯೇ. ಮತ್ತೊಮ್ಮೆ ಪ್ರಯತ್ನಿಸಿದೆ, ಆಗಲಿಲ್ಲ. ಪುಟವನ್ನು ಗಟ್ಟಿಯಾಗಿ ಓದುವ ಬ್ರೌಸರ್ ಪ್ಲಗಿನ್ ಇದೆಯೆಂದು ಎಲ್ಲೋ ಕಂಡಿದ್ದೆ. ನನ್ನಿಂದಾಗದ್ದನ್ನು ಅದಾದರೂ ಮಾಡಲಿ ಅನ್ನಿಸಿತು.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಅಕ್ಕನ ಮನೆಗೆ ಹೋದೆ. ಅದೊಂದು ಮುದಿ ಲ್ಯಾಪ್‌ಟಾಪ್. ವಿಂಡೋಸ್ ಎಳೆಯಲಾರದೆ ಕೂತಾಗ ಸಹೋದ್ಯೋಗಿಯೊಬ್ಬರು ಲಿನಕ್ಸ್ ಹಾಕಿಕೊಟ್ಟು, ಇನ್ನು ತೊಂದರೆಯೇ ಇಲ್ಲ ಎಂದಿದ್ದರು. ಹಾಗೆಂದ ಮಹಾನುಭಾವರು ಆ ಭಾನುವಾರ ಫೋನ್ ಎತ್ತಲಿಲ್ಲ.

ಪ್ಲಗಿನ್ ಸುಲಭವಾಗಿಯೇ ಇಳಿಯಿತು. ಬ್ರೌಸರಿನ ಮೂಲೆಯಲ್ಲಿ ಪುಟ್ಟ ಸ್ಪೀಕರಿನ ಚಿತ್ರ ಬಂತು. ಒತ್ತಿದೆ, ಸದ್ದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಡುಕಿದರೆ, ಪ್ಲಗಿನ್‌ಗೆ ತನ್ನದೇ ದನಿ ಇಲ್ಲವಂತೆ, ಲಿನಕ್ಸಿಗೆ ಮಾತಾಡುವ ತಂತ್ರಾಂಶವನ್ನು ಬೇರೆಯಾಗಿ ಹಾಕಬೇಕಂತೆ. ಆಜ್ಞೆಗಳನ್ನು ಬರೆಯುವ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಎಲ್ಲಿಂದಲೋ ನಕಲು ಮಾಡಿದ ಸಾಲು ಅಂಟಿಸಿದೆ. ಪಾಸ್‌ವರ್ಡ್ ಕೇಳಿತು. ಹೊಡೆದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ, ಹೊಡೆದೆನೋ ಇಲ್ಲವೋ ಎಂದು ನನಗೇ ಅನುಮಾನ. ಅದೂ ಆಯಿತು. ಆದರೂ ಮೌನ. ಈ ಬ್ರೌಸರು ಡಬ್ಬಿಯೊಳಗೆ ಮುಚ್ಚಿಟ್ಟ ಮಾದರಿಯದು, ಹೊರಗಿನ ದನಿ ಅದಕ್ಕೆ ಸಿಗುವುದಿಲ್ಲ, ಕಿತ್ತುಹಾಕಿ ಬೇರೆ ಮಾದರಿ ಹಾಕಿ ಎಂದು ಯಾವುದೋ ದೇಶದ ಪುಣ್ಯಾತ್ಮ ಬರೆದಿದ್ದ. ಕಿತ್ತೆ, ಹಾಕಿದೆ, ಪ್ಲಗಿನ್ ಮತ್ತೆ ಇಳಿಸಿದೆ. ಬೆನ್ನು ಸೋತಿತ್ತು. ಅವ್ವನ ಬಗ್ಗೆ ಬರೆಯುವಾಗಲೂ ಇಷ್ಟು ದಣಿದಿರಲಿಲ್ಲ.

“ಇನ್ನೂ ಮುಗೀಲಿಲ್ವಾ? ಇಷ್ಟೊತ್ಗೆ ನಾನೇ ಕನ್ನಡ ಓದಕ್ಕೆ ಕಲ್ತಿರ್ತಿದ್ದೆ” ಎಂದಳು ಅಕ್ಕ, ಅವರೆಕಾಯಿ ಸುಲಿಯುತ್ತ.

ಅಷ್ಟರಲ್ಲಿ ದನಿ ಬಂತು. ಮೂಗು ಕಟ್ಟಿದ ಗಂಡಸಿನ ದನಿ. ಎಲ್ಲೂ ಏರದೆ, ಎಲ್ಲೂ ಇಳಿಯದೆ ನನ್ನ ಸಾಲುಗಳನ್ನು ಓದತೊಡಗಿತು.

“ಯಾರಪ್ಪ ಇವ, ಸಳಿ ಹಿಡ್ದವ್ನಂಗೆ!” ಎಂದು ಅಕ್ಕ ನಕ್ಕಳು. ನಗು ಬೇಗ ನಿಂತಿತು. ಅವ್ವ ಗದ್ದೆಗೆ ಬುತ್ತಿ ಹೊರುತ್ತಿದ್ದದ್ದು, ಸೊಸೆಯರನ್ನು ಬಯ್ಯುತ್ತಿದ್ದದ್ದು ಎಲ್ಲಕ್ಕೂ ಹೂಂಗುಟ್ಟುತ್ತ ಕೇಳಿದಳು. ನಾನು ಕಿಟಕಿಯತ್ತ ಮುಖ ಮಾಡಿ ಕೂತೆ.

ಆಸ್ಪತ್ರೆಯ ಭಾಗ ಬಂತು. “ಅವ್ವ ಕೊನೆಗೆ ಏನನ್ನೂ ಕೇಳಲಿಲ್ಲ, ಯಾರನ್ನೂ ಕರೆಯಲಿಲ್ಲ, ನಿದ್ದೆಯಲ್ಲೇ ಹೋದಳು” ಎಂದಿತು ದನಿ. ದಿಂಡಿಗಲ್ಲಿನಿಂದ ರಾತ್ರಿ ಬಸ್ಸು ಹಿಡಿದು ನಾನು ಊರಿಗೆ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ಹೇಳಿದ ಮಾತದು. ನಾನು ಅದನ್ನೇ ಹಿಡಿದುಕೊಂಡು ಬದುಕಿದ್ದೆ, ಅದನ್ನೇ ಬರೆದಿದ್ದೆ.

“ನಿಲ್ಸು ಅದ್ನ” ಎಂದಳು ಅಕ್ಕ.

ನಿಲ್ಲಿಸಿದೆ.

“ಅದು ಪೊಯ್ ಪುಳ್ಳೆ.” ಸುಳ್ಳಿಗೆ ನಮ್ಮ ಮನೆಯಲ್ಲಿ ತಮಿಳಿನ ಮಾತೇ ಉಳಿದಿದೆ. “ನೀ ಅಳ್ತಾ ನಿಂತಿದ್ದೆ, ಅದ್ಕೆ ಹಂಗಂದೆ. ಅಚ್ಚಾಗ್ತದೆ ಅಂತ ನಂಗೇನ್ ಗೊತ್ತು? ಅವ್ವ ನಿದ್ದೇನೇ ಮಾಡ್ಲಿಲ್ಲ. ಬಾಗ್ಲನ್ನೇ ನೋಡ್ತಿದ್ಲು. ಪುಳ್ಳೆ ದಿಂಡಿಗಲ್ ಬಿಟ್ಲಾ, ಬತ್ತಲಗುಂಡು ದಾಟಿದ್ಲಾ ಅಂತ ಒಂದೊಂದೇ ಊರು ಕೇಳ್ತಿದ್ಲು. ಬೆಳಗಾಗೋ ಹೊತ್ಗೆ ಉಸ್ರು ಎಳ್ಯಕ್ಕೆ ಶುರುವಾಯ್ತು. ತೇನಿಗೆ ಬಂದ್ಬಿಟ್ಲು ಅವ್ವಾ, ಇನ್ನೇನ್ ಬಂದ್ಲು ಅಂದೆ. ಸೆರಿ ಅಂದ್ಲು. ಆಮೇಲೆ ಕೇಳ್ಲಿಲ್ಲ.”

ಬೆಳಗಾಗುವ ಹೊತ್ತಿಗೆ ನಾನಿನ್ನೂ ಬತ್ತಲಗುಂಡಿನಲ್ಲೇ, ಕೆಟ್ಟು ನಿಂತ ಬಸ್ಸಿನಲ್ಲಿ ಕೂತಿದ್ದೆ.