ಆಟದ ಅಜ್ಜಿಗೆ ಅಮ್ಮನ ನಡಿಗೆ

ನಾನು ಏನು ಕೆಲಸ ಮಾಡುತ್ತೇನೆ ಎಂದು ಸೇಡಂನಲ್ಲಿ ಯಾರಿಗಾದರೂ ತಿಳಿಸಿ ಹೇಳುವುದೇ ನನಗೊಂದು ತಲೆನೋವು. ಕಂಪ್ಯೂಟರ್ ಆಟದೊಳಗಿನ ಪಾತ್ರಗಳನ್ನು ನಡೆಸುತ್ತೇನೆ ಎಂದರೆ, “ಅಂದ್ರ ದಿನಾ ಗೇಮ್ ಆಡ್ಕೋತ ಕುಂದರ್ತಿ” ಎನ್ನುತ್ತಾರೆ. ಆಡುವುದಲ್ಲ, ನಡೆಸುವುದು ಎಂದರೆ, “ಅದೂ ಒಂದು ನೌಕರಿಯೇನವಾ?” ಎಂದು ಮರುಕ ಪಡುತ್ತಾರೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. “ಹೌದ್ರಿ, ನಿಮ್ಮ ಮೊಮ್ಮಗ ಮೊಬೈಲ್‌ನ್ಯಾಗ ಓಡಿಸ್ತಾನಲ್ಲ, ಅವ್ರಿಗೆಲ್ಲ ಕಾಲು ಹಚ್ಚೋರು ನಮ್ಮಂಥೋರಽ” ಎಂದು ಹೇಳಿ ಒಳಗೆ ಬಂದುಬಿಡುತ್ತೇನೆ.

ನಮ್ಮದು ತೀರ ಸಣ್ಣ ತಂಡ. ಕಚೇರಿ ಇಲ್ಲ, ಬೋರ್ಡು ಇಲ್ಲ, ಅವರವರ ಮನೆಯಲ್ಲಿ ಕೂತು ಕೆಲಸ. ನಾವು ಕಟ್ಟುತ್ತಿದ್ದುದು ಆನ್‌ಲೈನ್ ಆಟ. ಎಲ್ಲೆಲ್ಲಿಯವರೋ ಒಂದೊಂದು ವೇಷ ತೊಟ್ಟು ಒಳಗೆ ಬಂದು, ಊರೂರು ಅಲೆದು, ಪರಸ್ಪರ ಮಾತಾಡಿ, ಜಗಳವಾಡಿ ಹೋಗುವಂಥದ್ದು. ದೊಡ್ಡ ಕಂಪನಿಯವರು ನಟರ ಮೈಗೆಲ್ಲ ಯಂತ್ರ ಅಂಟಿಸಿ ಅವರ ಚಲನೆಯನ್ನು ಹಾಗೇ ಹಿಡಿಯುತ್ತಾರೆ. ನಮಗೆ ಇದ್ದದ್ದು ನನ್ನ ಫೋನು, ನನ್ನ ಕಣ್ಣು. ಸಣ್ಣ ತಂಡಗಳ ಆಟಕ್ಕೆ ಅಂಟಿದ ಶಾಪವೆಂದರೆ ಪಾದ ಜಾರುವುದು. ಮೈ ಒಂದು ವೇಗದಲ್ಲಿ ಮುಂದೆ ಹೋಗುತ್ತದೆ, ಕಾಲು ಇನ್ನೊಂದು ವೇಗದಲ್ಲಿ ಆಡುತ್ತದೆ, ನೋಡಿದವರಿಗೆ ನಗು ಬರುತ್ತದೆ. ನಮ್ಮ ಮೊದಲ ಊರನ್ನು ಪರೀಕ್ಷೆಗೆ ತೆರೆದಾಗ ಯಾರೋ ಪುಣ್ಯಾತ್ಮ, “ಈ ಊರಿನ ಬೀದಿಗೆಲ್ಲ ಎಣ್ಣೆ ಚೆಲ್ಲಿದ್ದೀರಾ?” ಎಂದು ಬರೆದಿದ್ದ. ಅವತ್ತು ನನಗೆ ಊಟ ಸೇರಲಿಲ್ಲ.

ಹಾಗಾಗಿ ಊರಿನ ಅಜ್ಜಿಯ ಪಾತ್ರ ನನ್ನ ಪಾಲಿಗೆ ಬಂದಾಗ, ಈ ಸಲ ಯಾರೂ ಬಾಯಿ ತೆರೆಯಬಾರದು ಎಂದು ಹಟ ಹಿಡಿದೆ. ಹಾಗೆಂದ ಕೂಡಲೇ ನೆನಪಾದದ್ದು ಅಮ್ಮನ ಪಾದ. ಅಮ್ಮ ಬಹಳ ವರ್ಷಗಳಿಂದ ಪ್ರತಿ ಗುರುವಾರ ಮಠದಲ್ಲಿ ಹೆಜ್ಜೆ ನಮಸ್ಕಾರ ಹಾಕುವವಳು. ಕೈ ಮುಗಿದುಕೊಂಡು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ, ನಡುವೆ ಕೂದಲೆಳೆಯಷ್ಟೂ ಜಾಗ ಬಿಡದೆ ಬೃಂದಾವನವನ್ನು ಸುತ್ತಬೇಕು. ಅಂಥ ಕಾಲು ಜಾರುವುದುಂಟೇ? ಇತ್ತೀಚೆಗಂತೂ ಅಮ್ಮ ಮನೆಯಲ್ಲೂ ಅದೇ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಳು. ಮಠದ ಹೆಂಗಸರು ಅದನ್ನು ಹೊಸದಾಗಿ ಮದುವೆಯಾದ ಹುಡುಗಿಯರಿಗೆ ತೋರಿಸಿ, “ನೋಡ್ರಿ, ಸೇವಾ ಅಂದ್ರ ಹಿಂಗ ಮೈಗೂಡಬೇಕು” ಎನ್ನುತ್ತಿದ್ದರು. ಅಪ್ಪನಿಗೆ ಆ ಮಾತು ಕೇಳಿದಾಗೆಲ್ಲ ಮುಖದ ಮೇಲೆ ಒಂದು ಕಳೆ.

ನಡಿಗೆಯ ವಿಡಿಯೋ ತೆಗೆಯುತ್ತೇನೆ ಎಂದಾಗ ಅಮ್ಮ ಹೋಗಿ ಇಳಕಲ್ ಸೀರೆ ಉಟ್ಟುಕೊಂಡು ಬಂದಳು.

“ಮುಖ ಬರಂಗಿಲ್ಲ ಅಮ್ಮ, ಬರೇ ನಡಿಗಿ.”

“ಇರ್ಲೇಳು. ಎಲ್ಲಾ ದೇಶದ ಮಂದಿ ನೋಡ್ತಾರಂದಿ, ಹರಕು ಸೀರ್ಯಾಗ ನಡೀಲೇನು?”

ತೊಗರಿಬೇಳೆ ಡಬ್ಬಿಗೆ ಫೋನ್ ಒರಗಿಸಿದೆ. ಪಡಸಾಲೆಯ ಫರಶಿಕಲ್ಲಿನ ನೆಲದ ಮೇಲೆ ಅಮ್ಮ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಆಮೇಲೆ ನಾನು ಆ ವಿಡಿಯೋವನ್ನು ತುಣುಕು ತುಣುಕಾಗಿ ನಿಲ್ಲಿಸಿ, ಪಾದ ನೆಲ ಮುಟ್ಟುವ ಗಳಿಗೆ, ಭಾರ ಬದಲಾಗುವ ಗಳಿಗೆ ಎಲ್ಲವನ್ನೂ ಆಟದ ಅಜ್ಜಿಗೆ ಇಳಿಸಿದೆ. ಪಾದ ಇಟ್ಟಲ್ಲಿ ಕಚ್ಚಿಕೊಂಡು ನಿಂತಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಕಳಿಸಿಕೊಟ್ಟೆ.

ತಂಡದ ಮುಖ್ಯಸ್ಥ ಮೈಸೂರಿನವನು, ನನಗಿಂತ ಚಿಕ್ಕವನು, ಬೈಯುವಾಗಲೂ ಮೆತ್ತಗೆ ಮಾತಾಡುವವನು. ಫೋನ್ ಮಾಡಿದ.

“ಮೇಡಂ, ಕಾಲು ತುಂಬಾ ಚೆನ್ನಾಗಿ ಬಂದಿದೆ. ಆದ್ರೆ ಬಲಗೈ ಮಾಡೋದು ಮರೆತುಬಿಟ್ರಾ? ಅಲ್ಲಾಡ್ತಾನೇ ಇಲ್ವಲ್ಲ.”

“ನಾ ಏನು ನಿದ್ದಿಗಣ್ಣಾಗ ಕೆಲಸ ಮಾಡೀನಿ ಅಂದ್ಕೊಂಡೀರೇನು? ವಿಡಿಯೋದಾಗ ಹ್ಯಾಂಗ ಅದನೋ ಹಂಗಽ ಮಾಡೀನಿ.”

“ಹಾಗಾದ್ರೆ ವಿಡಿಯೋನೇ ಇನ್ನೊಂದ್ಸಲ ನೋಡಿಬಿಡಿ ಮೇಡಂ.”

ಅವನ ಬಾಯಿ ಮುಚ್ಚಿಸಬೇಕೆಂದೇ ವಿಡಿಯೋ ತೆರೆದೆ. ಅಮ್ಮ ನಡೆಯುತ್ತಿದ್ದಳು. ಎಡಗೈ ಹಿಂದೆ ಮುಂದೆ ಆಡುತ್ತಿತ್ತು. ಬಲಗೈ ಮೊಣಕೈಯಲ್ಲಿ ಮಡಚಿ ಹೊಟ್ಟೆಯ ಪಕ್ಕಕ್ಕೆ ಅಂಟಿಕೊಂಡಿತ್ತು. ಯಾರದೋ ಕೈ ತಂದು ಅಲ್ಲಿಟ್ಟ ಹಾಗೆ. ನಾನು ಪಾದದ ಮೇಲೆ ಕಣ್ಣಿಟ್ಟು, ಆ ಕೈಯನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಮುಗಿಸಿದ್ದೆ.

ಅಡುಗೆಮನೆಗೆ ಹೋದೆ. “ಅಮ್ಮ, ಬಲಗೈ ನೋಯ್ತದೇನು?”

“ಇಲ್ಲಲ್ಲ. ಯಾಕ?”

“ನಡೀವಾಗ ಯಾಕ ಬೀಸಂಗಿಲ್ಲ?”

“ಅಯ್ಯ, ನಾ ಏನು ಪೊಲೀಸರಂಗ ಪರೇಡ್ ಮಾಡ್ಲೇನು?” ಎಂದು ನಕ್ಕಳು. ಮತ್ತೆ ನಡೆಸಿದೆ. ಬೀಸು ಎಂದರೆ ಬೀಸುತ್ತಿದ್ದಳು. ಮಾತು ಬೇರೆ ಕಡೆ ಹೊರಳಿದ ಕೂಡಲೇ ಕೈ ನಿಂತುಬಿಡುತ್ತಿತ್ತು.

ಅಲ್ಲಿಂದ ನನ್ನ ಕಣ್ಣಿಗೆ ನೆಮ್ಮದಿ ಇಲ್ಲದಾಯಿತು. ಅಮ್ಮ ಹಿಂದಕ್ಕೆ ತಿರುಗಬೇಕಾದರೆ ಒಂದೇ ಸಲ ತಿರುಗುತ್ತಿರಲಿಲ್ಲ, ಪಾದವನ್ನು ಚೂರು ಚೂರೇ ಸರಿಸುತ್ತಿದ್ದಳು. ಸುಮ್ಮನೆ ಕೂತಾಗ ಬಲಗೈಯ ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತಲೇ ಇರುತ್ತಿತ್ತು. ಅದನ್ನು ನಾವೆಲ್ಲ ಎಷ್ಟು ಸಲ ನೋಡಿದ್ದೆವು! ದಿನಾ ದೇವರಿಗೆ ಹೂಬತ್ತಿ ಹೊಸೆಯುವವಳು, ಅರಳೆ ಇಲ್ಲದಿದ್ದರೂ ಬೆರಳು ಹೊಸೆಯುತ್ತವೆ ಎಂದು ತಮಾಷೆ ಮಾಡುತ್ತಿದ್ದೆವು. ಸಣ್ಣ ಹೆಜ್ಜೆಗೆ ನಮಸ್ಕಾರದ ಕಾರಣ, ಬೆರಳಿಗೆ ಬತ್ತಿಯ ಕಾರಣ. ಮಠದಲ್ಲಿ ಕೈ ಹೇಗಿದ್ದರೂ ಮುಗಿದೇ ಇರುತ್ತಿತ್ತು, ಬೀಸುತ್ತದೋ ಇಲ್ಲವೋ ಯಾರು ನೋಡಬೇಕು? ನನಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ.

ಡಾಕ್ಟರಿಗೆ ತೋರಿಸೋಣ ಎಂದದ್ದೇ ತಡ, ಅಪ್ಪ ಸಿಡಿದರು. “ದೇವರ ಸೇವಾ ಮಾಡಿದ ಕಾಲು, ಬತ್ತಿ ಹೊಸದ ಕೈ. ಅದರಾಗ ಬ್ಯಾನಿ ಹುಡಕ್ಲಿಕತ್ತೀಯಲ್ಲ? ಆ ಗೇಮ್ ನೋಡಿ ನೋಡಿ ತಲಿ ಕೆಟ್ಟದ ನಿಂದು.”

“ಕೆಟ್ಟಿದ್ರ ನಂದಽ ಕೆಟ್ಟಿರ್ಲಿ ಅಪ್ಪ. ಡಾಕ್ಟರ್ ಏನೂ ಇಲ್ಲ ಅಂದ್ರ ಮಠಕ್ಕ ಬಂದು ನಾನೂ ಹೆಜ್ಜಿ ನಮಸ್ಕಾರ ಹಾಕ್ತೀನಿ. ಮೊದಲು ನೀವು ಕಲಬುರಗಿಗೆ ಬರ್ರಿ.”

ಸೇಡಂನಿಂದ ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಬೇಕಿತ್ತು. ಅಪ್ಪ ಗೊಣಗುತ್ತಲೇ ಹೊರಟರು. ವಾಡಿಯಲ್ಲಿ ಇಳಿದು ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಲು ಮೇಲ್ಸೇತುವೆಯ ಮೆಟ್ಟಿಲ ಹತ್ತಿರ ಬಂದೆವು. ಜನ ಒಮ್ಮೆಗೇ ನುಗ್ಗಿತು. ಅಮ್ಮ ನಿಂತುಬಿಟ್ಟಳು.

“ಮುಂದ ನಡೀರಿ ಅಮ್ಮಾ, ಗಾಡಿ ಹೋಗ್ತದ,” ಎಂದು ಹಿಂದಿನಿಂದ ಯಾರೋ ಕೂಗಿದರು.

“ನಡಿ ಅಮ್ಮ,” ಎಂದೆ.

“ಕಾಲು ಏಳವಲ್ದು,” ಎಂದಳು, ನಾಚಿಕೊಂಡವಳ ಹಾಗೆ ಸಣ್ಣ ದನಿಯಲ್ಲಿ. “ನೆಲ ಹಿಡದಂಗ ಆಗ್ಯದ.”

ಮುಂದೆ ಹೋಗಿದ್ದ ಅಪ್ಪ ತಿರುಗಿ ಬಂದರು. ಅಮ್ಮನ ಮೈ ಮುಂದಕ್ಕೆ ವಾಲಿತ್ತು, ಪಾದ ಮಾತ್ರ ಅಲ್ಲೇ ಇತ್ತು. ನಾನು ಎಳೆದರೆ ಬಿದ್ದುಬಿಡುತ್ತಿದ್ದಳು. ಏನು ತೋಚಿತೋ, “ಅಮ್ಮ, ಹೆಜ್ಜಿ ನಮಸ್ಕಾರ ಹಾಕಿದಂಗ ಇಡು. ಬೆರಳಿಗಿ ಹಿಮ್ಮಡಿ ತಾಗಿಸು” ಎಂದೆ.

ಅಮ್ಮ ಆ ಗದ್ದಲದ ನಡುವೆ ಕೈ ಮುಗಿದುಕೊಂಡಳು. ಒಂದು ಪಾದ ಎದ್ದಿತು. ಅದರ ಬೆರಳಿಗೆ ತಾಗಿ ಇನ್ನೊಂದು ಬಂತು. ಹಾಗೇ ಪಾದಕ್ಕೆ ಪಾದ ಕೂಡಿಸುತ್ತ ಜನರ ನಡುವಿನಿಂದ ಹೊರಬಿದ್ದಳು. “ದಾರಿ ಬಿಡ್ರಿ, ಸ್ವಲ್ಪ ದಾರಿ ಬಿಡ್ರಿ,” ಎನ್ನುತ್ತ ಅಪ್ಪ ಕೈ ಚಾಚಿ ಜನರನ್ನು ಸರಿಸುತ್ತಿದ್ದರು. ನಮ್ಮ ಗಾಡಿ ಹೊರಟುಹೋಯಿತು. ಮುಂದಿನ ಗಾಡಿ ಬರುವವರೆಗೆ ಮೂವರೂ ಬೆಂಚಿನ ಮೇಲೆ ಕೂತೆವು. ಅಪ್ಪ ಅಮ್ಮನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಅವರು ಹಾಗೆ ಎಲ್ಲರೆದುರಿಗೆ ಅಮ್ಮನ ಕೈ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಶಹಾಬಾದ್ ಬಂದಾಗಲೂ ಬಿಟ್ಟಿರಲಿಲ್ಲ.

ಕಲಬುರಗಿಯ ಡಾಕ್ಟರ್ ಅಮ್ಮನನ್ನು ಮೊಗಸಾಲೆಯಲ್ಲಿ ನಡೆಸಿದರು, ಹೆಬ್ಬೆರಳಿಗೆ ತೋರುಬೆರಳನ್ನು ಮತ್ತೆ ಮತ್ತೆ ತಟ್ಟಿಸಿದರು, ಮಣಿಕಟ್ಟು ತಿರುಗಿಸಿ ನೋಡಿದರು. ಪಾರ್ಕಿನ್ಸನ್ ಎಂದರು. ಮಾತ್ರೆಯಿಂದ ಬಿಗಿತ ಸಡಿಲಾಗುತ್ತದೆ, ಆದರೆ ಬಂದದ್ದು ಪೂರ್ತಿ ಹೋಗುವುದಿಲ್ಲ ಎಂದರು.

“ಇದು ಶುರುವಾಗಿ ಭಾಳ ದಿನಾ ಆಗ್ಯದ. ಮನ್ಯಾಗ ಯಾರೂ ನೋಡಿಲ್ಲೇನ್ರಿ?” ಎಂದು ಕೇಳಿದರು.

“ದಿನಾ ನೋಡೀವ್ರಿ,” ಎಂದರು ಅಪ್ಪ.

ಊರಿಗೆ ಬಂದ ಮೇಲೆ ನನಗೆ ಎಲ್ಲರ ಮೇಲೂ ಸಿಟ್ಟು. ಹಾಡಿ ಹೊಗಳಿದ ಮಠದ ಹೆಂಗಸರ ಮೇಲೆ, ಕಳೆಗಟ್ಟಿದ ಅಪ್ಪನ ಮುಖದ ಮೇಲೆ, ಏನೂ ತಪ್ಪು ಮಾಡದ ಮೈಸೂರಿನವನ ಮೇಲೂ. ಅವನು ಪಾಪ, ಅಮ್ಮನ ಸುದ್ದಿ ಕೇಳಿ ಕೆಲವು ದಿನ ರಜೆ ಕೊಟ್ಟ. ಆಮೇಲೆ, “ಮೇಡಂ, ಅಜ್ಜಿ ಕೈ ಒಂದು ಬಾಕಿ ಇದೆ” ಎಂದ.

ಸರಿಪಡಿಸುವುದು ದೊಡ್ಡ ಕೆಲಸವಲ್ಲ. ಆದರೆ ನನಗೆ ಅಮ್ಮನ ಮೊದಲಿನ ಕೈಯೇ ಬೇಕಿತ್ತು, ಅದು ಆಟದೊಳಗಾದರೂ ಉಳಿಯಲಿ ಎನ್ನುವ ಆಸೆ. ಮನೆಯ ಮದುವೆ ಮುಂಜಿಗಳ ವಿಡಿಯೋಗಳನ್ನೆಲ್ಲ ತೆಗೆದು ನೋಡಿದೆ. ಅಮ್ಮ ಬಡಿಸಲು ಬಗ್ಗಿದ್ದಾಳೆ, ಆರತಿ ಹಿಡಿದು ನಿಂತಿದ್ದಾಳೆ, ಮಗುವನ್ನು ಕಂಕುಳಲ್ಲಿ ಎತ್ತಿದ್ದಾಳೆ. ಬರಿಗೈಯಲ್ಲಿ ಸುಮ್ಮನೆ ನಡೆದುಹೋಗುವ ಅಮ್ಮ ಎಲ್ಲೂ ಇರಲಿಲ್ಲ. ಕಣ್ಣು ಮುಚ್ಚಿ ನೆನೆಸಿಕೊಳ್ಳಲು ನೋಡಿದೆ. ಸೀರೆಯ ಬಣ್ಣ ಬಂತು, ಬಳೆಯ ಸದ್ದು ಬಂತು, ಕೈ ಬರಲಿಲ್ಲ. ಕೊನೆಗೆ ಪಡಸಾಲೆಯಲ್ಲಿ ನಾನೇ ನಡೆದು, ನನ್ನದೇ ವಿಡಿಯೋ ತೆಗೆದುಕೊಂಡು, ಆ ಕೈಯನ್ನು ಅಜ್ಜಿಗೆ ಕೂಡಿಸಿದೆ. ಯಾರಿಗೂ ಹೇಳಲಿಲ್ಲ.

ಮಾತ್ರೆ ತೆಗೆದುಕೊಂಡ ಮೇಲೆ ಅಮ್ಮನಿಗೆ ಕೊಂಚ ಹಗುರೆನಿಸಿದ ಒಂದು ಬೆಳಿಗ್ಗೆ, “ಗೇಮಿನ್ಯಾಗ ನನ್ನ ಅಜ್ಜಿ ಮಾಡೀಯಲ್ಲ, ತೋರಸು” ಎಂದು ಬಂದು ನನ್ನ ಪಕ್ಕ ಕೂತಳು. ತೋರಿಸಿದೆ. ಆಟದ ಅಜ್ಜಿ ಬಾವಿಕಟ್ಟೆಯಿಂದ ಹೊರಟು, ಎರಡೂ ಕೈ ಬೀಸುತ್ತ ಓಣಿಯುದ್ದಕ್ಕೂ ನಡೆದಳು. ಪಾದ ಎಲ್ಲೂ ಜಾರಲಿಲ್ಲ.

“ನೀ ಮೊದಲು ಹಿಂಗಽ ನಡೀತಿದ್ದಿ ಅಮ್ಮ,” ಎಂದೆ. ಅವಳಿಗೆ ಸಮಾಧಾನವಾಗಲಿ ಎಂದು.

ಅಮ್ಮ ಇನ್ನೊಮ್ಮೆ ನಡೆಸು ಎಂದಳು. ನಡೆಸಿದೆ. ಪರದೆಗೆ ಮುಖ ಹತ್ತಿರ ತಂದು ನೋಡಿದಳು.

“ಕಾಲು ನಂದು. ಕೈ ನಂದಲ್ಲ.”

“ಮತ್ತ ಯಾರ್ದು?”

“ನಿಂದಽ ಅದು. ಅಂಗೈ ಹಿಂದಕ್ಕ ಮಾಡಿ ಬೀಸ್ತಿ ನೀ, ಸಣ್ಣಾಕಿ ಇದ್ದಾಗಿಂದ. ಪಾಟಿಚೀಲ ಹಾಕ್ಕೊಂಡು ಸಾಲಿಗಿ ಹೋಗ್ತಿದ್ಯಲ್ಲ, ಓಣಿ ತಿರುಗೂ ತನಾ ದಿನಾ ಬಾಗಲಾಗ ನಿಂತು ನೋಡ್ತಿದ್ದೆ.”