ಮೆಂತ್ಯ ಸೋಸುವ ಹೊತ್ತಿನ ಮಾತು

ಬೆಳಕು ಹರಿಯುವ ಮುನ್ನವೇ ಮುಂಬೈಯ ಕಾಂದಿವಲಿಯಲ್ಲಿ ಲೋಕಲ್ ರೈಲು ಹತ್ತುವ ಸುಂದ್ರವ್ವನ ಚೀಲದಲ್ಲಿ ನಾಲ್ಕು ಕಟ್ಟು ಮೆಂತ್ಯ ಸೊಪ್ಪು. ಅಂಧೇರಿಯ ಹಳೆಯ ಬಿಲ್ಡಿಂಗೊಂದರಲ್ಲಿ, ನಿರಾಶ್ರಿತರಿಗೆ ಕಾನೂನು ನೆರವು ಕೊಡುವ ಪುಟ್ಟ ಕಚೇರಿಯ ಬೀಗ ತೆಗೆದು, ಕಸ ಗುಡಿಸಿ, ಚಹಾಕ್ಕೆ ನೀರಿಟ್ಟು, ನೆಲಕ್ಕೆ ಪೇಪರ್ ಹಾಸಿ ಸೊಪ್ಪು ಹರಡುತ್ತಾರೆ. ದಿನಕ್ಕೆ ಅರವತ್ತು ಕಪ್ ಚಹಾ, ಹನ್ನೆರಡು ಜನರ ಊಟ. ಹದಿನಾಲ್ಕು ವರ್ಷದಿಂದ ಇದೇ ಕೆಲಸ.

"ಬಂದ ಹೆಣ್ಮಕ್ಕಳಿಗಿ ಮೊದ್ಲ ಸೊಪ್ಪು ಕೊಡ್ತೀನ್ರಿ. ಕೈ ಖಾಲಿ ಇದ್ರ ಮನಸು ಹೆದರ್ತದ" ಎನ್ನುತ್ತಾರೆ.

ಅಫ್ಘಾನಿಸ್ತಾನದ ಜರ್ಮೀನಾ (ಹೆಸರು ಬದಲಿಸಿದೆ, ಬರೆಯಲು ಅವಳ ಒಪ್ಪಿಗೆಯಿದೆ) ವಕೀಲೆ ಶೈಲಾ ಎದುರು ಹೇಳಿದ್ದು ಎರಡೇ ಮಾತು: ಅಲ್ಲಿ ಭಯ, ವಾಪಸ್ ಹೋಗಲಾರೆ. ದಿಲ್ಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಗೆ ಕಳಿಸುವ ಆಶ್ರಯದ ಅರ್ಜಿಗೆ ಅಷ್ಟು ಸಾಲದು. ಅರ್ಜಿ ತಿರಸ್ಕೃತವಾದರೆ ಇಲ್ಲಿ ಅವಳಿಗೆ ನೆಲೆಯಿಲ್ಲ. ಸೊಪ್ಪು ಸೋಸುತ್ತ ಸುಂದ್ರವ್ವನಿಗೆ ಮಾತ್ರ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದ್ದಳು. ಗಂಡ ಸತ್ತ ಮೇಲೆ ಅವನ ಮನೆಯವರು ಮೈದುನನನ್ನು ಕಟ್ಟಿಕೋ ಎಂದು ಕೂಡಿಹಾಕಿದ್ದು, ಒಲ್ಲೆ ಎಂದಾಗ ಕೈ ಮುರಿದದ್ದು, ದೂರು ಕೊಟ್ಟರೆ ಠಾಣೆಯವರೇ ಮರಳಿ ಆ ಮನೆಗೆ ಬಿಟ್ಟದ್ದು.

"ಮೌಶಿ, ನಿಮಗೆ ಏನೋ ಹೇಳಿದ್ಲಲ್ಲ, ಬೋಲೋ ನಾ" ಎಂದು ಶೈಲಾ ಗಂಟುಬಿದ್ದರು.

"ನನಗ ಹೇಳ್ಯಾಳ, ನಿಮ್ಮ ಕಂಪ್ಯೂಟರಿಗಲ್ಲ."

"ಹೆಣ್ಣು ಅಂತ ಹಿಂಸೆ ಕೊಟ್ರು, ಅಲ್ಲಿಯ ಸರ್ಕಾರ ಕಾಪಾಡ್ಲಿಲ್ಲ ಅಂದ್ರೆ ಆಶ್ರಯ ಕೇಳಬಹುದು. ಕಾನೂನಿನಲ್ಲಿ ಅಂಥ ಹೆಂಗಸರನ್ನ ಒಂದು ಗುಂಪು ಅಂತ ನೋಡ್ತಾರೆ."

"ಗುಂಪಾ? ಅಕಿ ಒಬ್ಬಾಕೇ ಬಂದಾಳಲ್ರಿ."

ಎರಡು ದಿನ ಸುಂದ್ರವ್ವನಿಗೆ ದಿಕ್ಕೇ ತೋಚಲಿಲ್ಲ. ಹೇಳಿದರೆ ನಂಬಿದವಳಿಗೆ ದ್ರೋಹ, ಹೇಳದಿದ್ದರೆ ಅವಳ ಕೇಸೇ ಮುಳುಗುತ್ತದೆ. ಅಜ್ಜಿಕತೆಯಲ್ಲಾದರೆ ಓಡಿಬಂದ ರಾಜಕುಮಾರಿಗೆ ಹೂವಾಡಗಿತ್ತಿ ಅಂಬಲಿ ಕೊಟ್ಟು ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಾಳೆ, ಯಾಕೆ ಓಡಿದೆ ಎಂದು ಸಾಕ್ಷಿ ಕೇಳುವುದಿಲ್ಲ.

ಯಾದಗಿರಿ ಕಡೆಯ ಸುಂದ್ರವ್ವ ತಾವೂ ಗಂಡನ ಬಡಿತ ತಾಳದೆ ಕೂಸನ್ನೆತ್ತಿಕೊಂಡು ಬಂದವರು. "ತವರಿನವ್ರೇ ಎರಡು ಸಲ ವಾಪಸ್ ಬಿಟ್ಟು ಬಂದ್ರು. ಮೂರನೇ ಸಲ ರೈಲು ಹತ್ತಿದೆ. ಅಕಿ ದೇಶ ದಾಟ್ಯಾಳ, ನಾ ಭೀಮಾ ಹೊಳಿ ದಾಟೀನಿ. ಅಕಿಗಿ ಒಂದು ಹೆಸರದ, ನಿರಾಶ್ರಿತಳು ಅಂತ. ಹಂಗಾರ ನಾ ಯಾರು? ಇನ್ನೂ ತಿಳಿದಿಲ್ರಿ."

ಮೂರನೇ ಬೆಳಿಗ್ಗೆ ಶೈಲಾ ಕೈಗೂ ಒಂದು ಕಟ್ಟು ಸೊಪ್ಪು ಬಂತು. "ಕುರ್ಚಿ ಬಿಡ್ರಿ ಮೇಡಂ, ಕೆಳಗ ಕುಂದರ್ರಿ." ವಕೀಲೆ ಎಲೆಯ ಜೊತೆ ಬೇರನ್ನೂ ಬುಟ್ಟಿಗೆ ಹಾಕಿದರು. ಜರ್ಮೀನಾ ನಕ್ಕು, ಅವರ ಕೈ ಹಿಡಿದು ತೋರಿಸಿಕೊಟ್ಟಳು. ಮನಸ್ಸಿದ್ದರೆ ಇವರಿಗೂ ಹೇಳು ಎಂದು ಸುಂದ್ರವ್ವ ಚಹಾಕ್ಕೆ ಎದ್ದರು. ತಿರುಗಿ ಬಂದಾಗ ಸೊಪ್ಪು ಮುಗಿದಿತ್ತು, ಮಾತು ಇನ್ನೂ ನಡೆದಿತ್ತು. ಬರೆದುಕೊಳ್ಳಿ ಎಂದವಳೂ ಜರ್ಮೀನಾಳೇ.

ದಿಲ್ಲಿಯಿಂದ ಉತ್ತರ ಇನ್ನೂ ಬಂದಿಲ್ಲ. ಬಂದರೆ ಏನು ಮಾಡುತ್ತೀರಿ ಎಂದರೆ ಸುಂದ್ರವ್ವ ಸೊಪ್ಪಿನ ಕಡ್ಡಿ ಮುರಿಯುತ್ತ ಹೇಳುತ್ತಾರೆ: "ಅವತ್ತು ಸೊಪ್ಪು ನಾ ಒಬ್ಬಾಕೇ ಸೋಸ್ತೀನಿ. ಅಕಿ ಏನೂ ಹೇಳೋದು ಬ್ಯಾಡ. ಸುಮ್ನ ಕುಂತು ಉಣ್ಲಿ."